ಗುಮಾಸ್ತನಿಗೆ ಪ್ರತಿಮೆ ಬೇಡ

ಸರ್ದಾರ್ ಪಟೇಲರ ಜನ್ಮದಿನವಾದ ಅಕ್ಟೋಬರ್ 31 ಹತ್ತಿರವಾಗುತ್ತಿದ್ದಂತೆ, ಈ ದೇಶವನ್ನು ಒಂದುಗೂಡಿಸಿದವರು ಯಾರು ಎಂಬ ಪ್ರಶ್ನೆ ಹಿಡಿದು ದೇಶವೇ ಎರಡು ಬಣವಾಗಿ ಕಿತ್ತಾಡುವುದು ಈಗ ವಾರ್ಷಿಕ ಸಂಪ್ರದಾಯವಾಗಿದೆ. 2014ರಿಂದ ಆ ದಿನಕ್ಕೆ ರಾಷ್ಟ್ರೀಯ ಏಕತಾ ದಿವಸವೆಂಬ ಹೆಸರು ಬಂದಿರುವುದರಿಂದ ಜಗಳಕ್ಕೊಂದು ಅಧಿಕೃತ ಮುಹೂರ್ತವೂ ಸಿಕ್ಕಿದೆ. ಸರ್ದಾರ್ ಪಟೇಲರು ಏಕಾಂಗಿಯಾಗಿ ಸಂಸ್ಥಾನಗಳನ್ನೆಲ್ಲ ಗಂಟು ಕಟ್ಟುತ್ತಿದ್ದಾಗ ನೆಹರೂ ಆ ಗಂಟನ್ನು ಬಿಚ್ಚುತ್ತಿದ್ದರು ಎಂದು ಒಂದು ಬಣ ಸಾಧಿಸಿದರೆ, ಪಟೇಲರು ಇದ್ದದ್ದೇ ನೆಹರೂ ಸಂಪುಟದಲ್ಲಿ, ಆದ್ದರಿಂದ ಗಂಟೂ ಅವರದೇ ಹಗ್ಗವೂ ಅವರದೇ ಎಂದು ಇನ್ನೊಂದು ಬಣ ಉತ್ತರಿಸುತ್ತದೆ. ಸಂಸ್ಥಾನಗಳ ಸಂಖ್ಯೆ ಮಾತ್ರ ವೇದಿಕೆಯಿಂದ ವೇದಿಕೆಗೆ 554, 562, 565 ಎಂದು ಬದಲಾಗುತ್ತಿರುತ್ತದೆ; ದೇಶವನ್ನು ಕೂಡಿಸಿದ ಕೀರ್ತಿಗೆ ಹಕ್ಕು ಮಂಡಿಸುವವರು ಸಂಸ್ಥಾನಗಳನ್ನು ಕೂಡಿಸಿ ಲೆಕ್ಕ ಹೇಳಬೇಕೆಂಬ ನಿಯಮವೇನೂ ಇಲ್ಲವಲ್ಲ.

ಇಷ್ಟೆಲ್ಲ ಭಿನ್ನಮತದ ನಡುವೆಯೂ ಎರಡೂ ಬಣಗಳು ಒಂದು ವಿಷಯದಲ್ಲಿ ಸಂಪೂರ್ಣ ಒಮ್ಮತಕ್ಕೆ ಬಂದಿವೆ. ಕರಡು ಬರೆದು, ದೊರೆಗಳ ಮನೆ ಬಾಗಿಲಿಗೆ ಅಲೆದು, ಸಹಿ ಹಾಕಿಸಿಕೊಂಡು ಬಂದ ವಿ. ಪಿ. ಮೆನನ್ ಎಂಬ ಸರ್ಕಾರಿ ನೌಕರನ ಹೆಸರನ್ನು ಭಾಷಣದಲ್ಲಿ ತರಬಾರದೆಂಬುದೇ ಆ ಒಮ್ಮತ. ಇದನ್ನು ಮರೆವು ಎಂದು ಕರೆದು ಬೇಸರಪಡುವ ಇತಿಹಾಸಪ್ರಿಯರು ಕೆಲವರಿದ್ದಾರೆ. ನಾನು ಅವರ ಜೊತೆಗಿಲ್ಲ. ಮೆನನ್ ಅವರನ್ನು ನೆನಪಿಸಿಕೊಳ್ಳುವುದು ನಮ್ಮ ಇಂದಿನ ಆಡಳಿತ ವ್ಯವಸ್ಥೆಯ ನೆಮ್ಮದಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಅವರು ಯೋಚಿಸಿದಂತಿಲ್ಲ.

ಅವರ ಸೇವಾ ಪುಸ್ತಕವನ್ನೇ ತೆರೆದು ನೋಡಿ. ಒಟ್ಟಪಾಲಂ ಕಡೆಯ ಹುಡುಗ, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು, 1914ರಲ್ಲಿ ಸಿಮ್ಲಾದಲ್ಲಿ ಗೃಹ ಇಲಾಖೆಯ ಗುಮಾಸ್ತರಾಗಿ ಸೇರಿದವರು. ಬ್ರಿಟಿಷರ ಕಾಲದ ಉನ್ನತ ಅಧಿಕಾರಿಗಳ ಸೇವೆಯಾದ ಐಸಿಎಸ್ ಎಂಬ ಮೂರಕ್ಷರ ಅವರ ಹೆಸರಿನ ಮುಂದೆ ಎಂದೂ ಬರಲಿಲ್ಲ. ಇಂಥವರು 1942ರ ಹೊತ್ತಿಗೆ ವೈಸ್‌ರಾಯ್ ಅವರ ಸುಧಾರಣಾ ಆಯುಕ್ತರಾದರು, 1947ರಲ್ಲಿ ಸಂಸ್ಥಾನಗಳ ಇಲಾಖೆಯ ಕಾರ್ಯದರ್ಶಿಯಾದರು. ಇದನ್ನು ಪಠ್ಯಪುಸ್ತಕದಲ್ಲಿ ಹಾಕಿದರೆ ಏನಾದೀತೆಂದು ಸ್ವಲ್ಪ ಊಹಿಸಿಕೊಳ್ಳಿ. ದ್ವಿತೀಯ ದರ್ಜೆ ಸಹಾಯಕನೊಬ್ಬ ತಾನು ಬರೆದ ಟಿಪ್ಪಣಿಯನ್ನು ಮೇಲಿನವರು ನಿಜವಾಗಿಯೂ ಓದಬಹುದೆಂಬ ಭ್ರಮೆಗೆ ಒಳಗಾಗಬಹುದು. ಅದಕ್ಕಿಂತ ಕೆಟ್ಟದಾಗಿ, ಆತ ಓದುವ ಯೋಗ್ಯತೆಯುಳ್ಳ ಟಿಪ್ಪಣಿಯನ್ನು ಬರೆಯಲು ತೊಡಗಬಹುದು.

ವೇಗದ ವಿಚಾರವಂತೂ ಇನ್ನೂ ಮುಜುಗರದ್ದು. 1947ರ ಮೇ ತಿಂಗಳಲ್ಲಿ ವೈಸ್‌ರಾಯ್ ಮೌಂಟ್‌ಬ್ಯಾಟನ್ ಅವರ ಮೊದಲ ಯೋಜನೆಯನ್ನು ಸಿಮ್ಲಾದಲ್ಲಿ ನೆಹರೂ ತಿರಸ್ಕರಿಸಿದಾಗ, ಅಧಿಕಾರ ಹಸ್ತಾಂತರದ ಬದಲಿ ಕರಡನ್ನು ಮೆನನ್ ಕೆಲವೇ ಗಂಟೆಗಳಲ್ಲಿ ಬರೆದು ಕೊಟ್ಟರು, ಜೂನ್ 3ರ ಯೋಜನೆ ಅದರ ಮೇಲೆಯೇ ನಿಂತಿತು. ಸಂಸ್ಥಾನಗಳ ಇಲಾಖೆ ಕಣ್ಣು ಬಿಟ್ಟದ್ದು ಜುಲೈ 5ಕ್ಕೆ. ಆಗಸ್ಟ್ 15ರ ಒಳಗೆ, ಅಂದರೆ ಇಂದಿನ ಲೆಕ್ಕದಲ್ಲಿ ಒಂದು ಇಲಾಖೆಗೆ ಕೊಠಡಿ, ಮೇಜು, ಕುರ್ಚಿ ಹಂಚಿಕೆಯಾಗುವುದಕ್ಕೂ ಸಾಲದಷ್ಟು ಸಮಯದಲ್ಲಿ, ಜುನಾಗಢ, ಹೈದರಾಬಾದ್, ಕಾಶ್ಮೀರದಂಥ ಕೆಲವನ್ನು ಬಿಟ್ಟರೆ ಭಾರತದ ಸೀಮೆಯೊಳಗಿನ ಸಂಸ್ಥಾನಗಳೆಲ್ಲ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದ್ದವು. ಆ ಪತ್ರ ಕೇಳಿದ್ದು ಮೂರೇ ವಿಷಯಗಳನ್ನು: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಉಳಿದದ್ದನ್ನೆಲ್ಲ ಸದ್ಯಕ್ಕೆ ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಮೊದಲು ಸಹಿ ಪಡೆಯುವುದು, ಆಮೇಲೆ ಬಂದು ಉಳಿದದ್ದನ್ನೂ ಸೌಜನ್ಯದಿಂದ ಕೇಳಿ ತೆಗೆದುಕೊಳ್ಳುವುದು ಅದರ ಜಾಣತನವಾಗಿತ್ತು. ಇಂದು ಒಬ್ಬ ಬಡ ರೈತ ಜಾತಿ ಪ್ರಮಾಣಪತ್ರ ಕೇಳಿದರೆ ಲಗತ್ತಿಸಬೇಕಾದ ದಾಖಲೆಗಳು ಮೂರಕ್ಕೆ ನಿಲ್ಲುತ್ತವೆಯೇ?

ಇದೇ ಕೆಲಸವನ್ನು ಈಗ ಕ್ರಮಬದ್ಧವಾಗಿ ಮಾಡುವುದಾದರೆ ಹೇಗಿರುತ್ತಿತ್ತು ಎಂಬುದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಗುಜರಾತಿನ ಕಾಠಿಯಾವಾಡದ ವೇಜಾನೋನೆಸ್ ಎಂಬ ಸಂಸ್ಥಾನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೆನನ್ ದಾಖಲಿಸಿರುವಂತೆ ಅದರ ವಿಸ್ತೀರ್ಣ 0.29 ಚದರ ಮೈಲಿ, ಜನಸಂಖ್ಯೆ 206, ವಾರ್ಷಿಕ ಆದಾಯ 500 ರೂಪಾಯಿ. ಮೊದಲು ಈ ಸಂಸ್ಥಾನದ ವಿಲೀನದ ಸಾಧಕ ಬಾಧಕಗಳನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿಗಳ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಬೇಕು, ಸಮಿತಿಗೆ ಸಂಸ್ಥಾನಕ್ಕಿಂತ ದೊಡ್ಡ ಕಚೇರಿ ಬೇಕು, ಅದರ ವಾಹನ ನಿಲುಗಡೆಗೆ ಸಂಸ್ಥಾನದ ಅರ್ಧ ಭಾಗವನ್ನು ಸ್ವಾಧೀನಪಡಿಸಿಕೊಳ್ಳಬೇಕು, ಸ್ವಾಧೀನದ ವಿರುದ್ಧ ದೊರೆ ತಡೆಯಾಜ್ಞೆ ತರಬೇಕು. ಈ ನಡುವೆ ಸಮಿತಿಯ ಅವಧಿ ಆರು ತಿಂಗಳಿಗೊಮ್ಮೆ ವಿಸ್ತರಣೆಯಾಗುತ್ತ, ಮಧ್ಯಂತರ ವರದಿಯನ್ನು ಅಧ್ಯಯನ ಮಾಡಲು ಸಂಪುಟ ಉಪಸಮಿತಿ ನೇಮಕವಾಗಿ, ಉಪಸಮಿತಿಯ ಸದಸ್ಯರು ವಿಲೀನದ ಅತ್ಯುತ್ತಮ ಮಾದರಿಗಳನ್ನು ಕಣ್ಣಾರೆ ಕಾಣಲು ಸ್ವಿಟ್ಜರ್ಲೆಂಡ್ ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಸರ್ಕಾರ ಬದಲಾಗಿ, ಹಿಂದಿನ ಸರ್ಕಾರದ ಸಮಿತಿಯಲ್ಲಿ ನಡೆದ ಅವ್ಯವಹಾರದ ತನಿಖೆಗೆ ಮತ್ತೊಂದು ಸಮಿತಿ ಬರುತ್ತದೆ. ಆ 206 ಜನ ಅಷ್ಟರಲ್ಲಿ ಒಳಮೀಸಲಾತಿ ಕೇಳಿ ಪಾದಯಾತ್ರೆ ಹೊರಟಿರುತ್ತಾರೆ. ಮೆನನ್ ಮತ್ತು ಅವರ ಸಂಗಡಿಗರು ಈ ಯಾವ ಪ್ರಕ್ರಿಯೆಗೂ ಮರ್ಯಾದೆ ಕೊಡದೆ, ಕಾಠಿಯಾವಾಡದ ಇನ್ನೂರಕ್ಕೂ ಹೆಚ್ಚು ತುಂಡುಗಳನ್ನು 1948ರ ಫೆಬ್ರವರಿಯಲ್ಲಿ ಸೌರಾಷ್ಟ್ರವೆಂಬ ಒಂದೇ ಘಟಕವಾಗಿ ಹೊಲಿದುಬಿಟ್ಟರು. ಮರುತಿಂಗಳೇ ನಮ್ಮ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು ಮುಂಬೈ ಪ್ರಾಂತದಲ್ಲಿ ಸೇರಿಹೋದವು. ಉದ್ಘಾಟನಾ ಫಲಕಗಳಿಗೆ ಎಷ್ಟೊಂದು ಅವಕಾಶ ತಪ್ಪಿಹೋಯಿತು!

ಲೆಕ್ಕಪರಿಶೋಧಕರ ಕೈಗೆ ಈ ಕಡತಗಳು ಇಂದು ಸಿಕ್ಕರೆ ಆಕ್ಷೇಪಣೆಗಳಿಗೆ ಬರವಿರಲಿಲ್ಲ. ಜೋಧಪುರದ ತರುಣ ಮಹಾರಾಜ ಹನವಂತ ಸಿಂಗ್ ಸೇರ್ಪಡೆ ಪತ್ರಕ್ಕೆ ಸಹಿ ಮಾಡಿದ ಮೇಲೆ ಪೆನ್ನಿನೊಳಗೆ ಅಡಗಿದ್ದ ಪಿಸ್ತೂಲನ್ನು ಮೆನನ್ ಅವರತ್ತ ಗುರಿ ಹಿಡಿದ ಪ್ರಸಂಗ ಪ್ರಸಿದ್ಧವಾದದ್ದು. ಪ್ರಾಣ ಉಳಿಯಿತು ಎಂದು ಸಮಾಧಾನಪಡುವುದು ಇತಿಹಾಸಕಾರರ ಕೆಲಸ. ಸದರಿ ಪೆನ್ನು ಲೇಖನ ಸಾಮಗ್ರಿಯೋ ಆಯುಧವೋ, ಲೇಖನ ಸಾಮಗ್ರಿಯಾಗಿದ್ದಲ್ಲಿ ದಾಸ್ತಾನು ಪುಸ್ತಕದಲ್ಲಿ ಏಕೆ ನಮೂದಾಗಿಲ್ಲ, ಆಯುಧವಾಗಿದ್ದಲ್ಲಿ ಅಧಿಕಾರಿಯು ಮೇಲಧಿಕಾರಿಗಳ ಲಿಖಿತ ಪೂರ್ವಾನುಮತಿಯಿಲ್ಲದೆ ಅದರ ಎದುರು ಏಕೆ ನಿಂತರು ಎಂಬುದಕ್ಕೆ ಸಮಜಾಯಿಷಿ ಕೇಳುವುದು ಕಚೇರಿಯ ಕೆಲಸ. 1947ರ ಅಕ್ಟೋಬರ್ ಕೊನೆಯ ವಾರದಲ್ಲಿ ದೆಹಲಿ, ಶ್ರೀನಗರ, ಜಮ್ಮು ಎಂದು ಅವರು ವಿಮಾನದಲ್ಲಿ ಓಡಾಡಿದ ಪ್ರಯಾಣ ಭತ್ಯೆಯ ಬಿಲ್ಲಂತೂ ಇಂದಿಗೂ ತೇರ್ಗಡೆಯಾಗುತ್ತಿರಲಿಲ್ಲ.

ಆ ಓಡಾಟದ ಬಗ್ಗೆ ಮೆನನ್ ಬರೆದಿರುವ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಕಾಶ್ಮೀರದ ಮಹಾರಾಜ ಹರಿಸಿಂಗ್ ಮಲಗುವ ಮುನ್ನ ತಮ್ಮ ಅಂಗರಕ್ಷಕ ಅಧಿಕಾರಿಗೆ, ಮೆನನ್ ದೆಹಲಿಯಿಂದ ಮರಳಿ ಬಂದರೆ ನನ್ನನ್ನು ಎಬ್ಬಿಸಬೇಡ, ಬಾರದಿದ್ದರೆ ಎಲ್ಲ ಮುಗಿಯಿತೆಂದು ತಿಳಿದು ನಿದ್ರೆಯಲ್ಲೇ ಗುಂಡು ಹೊಡೆದುಬಿಡು ಎಂದು ಹೇಳಿದ್ದರಂತೆ. ಆ ದಿನಗಳ ಘಟನೆಗಳು ಯಾವ ಹೊತ್ತಿಗೆ, ಯಾವ ಕ್ರಮದಲ್ಲಿ ನಡೆದವು ಎಂಬ ಬಗ್ಗೆ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ, ಅದು ಅವರಿಗಿರಲಿ. ಒಬ್ಬ ಸರ್ಕಾರಿ ಅಧಿಕಾರಿ ಹೇಳಿದ ಹೊತ್ತಿಗೆ ವಾಪಸು ಬರುತ್ತಾನೆಂಬ ನಂಬಿಕೆಯ ಮೇಲೆ ಒಬ್ಬ ಮನುಷ್ಯ ತನ್ನ ಪ್ರಾಣವನ್ನೇ ಪಣವಿಟ್ಟು ನಿದ್ರೆ ಹೋದನೆಂಬುದೇ ನನಗೆ ರೋಮಾಂಚನದ ವಿಷಯ. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂಬ ಉತ್ತರ ಕೇಳುತ್ತ ಬೆಂಚಿನ ಮೇಲೆ ಕಾಯುವ ಪ್ರಜೆಗಳು ಇದೇ ಷರತ್ತನ್ನು ಹಾಕಿಕೊಂಡು ಮಲಗಿದ್ದರೆ ಈ ದೇಶದ ಜನಸಂಖ್ಯೆಯ ಸಮಸ್ಯೆ ಎಂದೋ ಬಗೆಹರಿಯುತ್ತಿತ್ತು.

ಎಲ್ಲವೂ ಮೆನನ್ ಅವರ ಲೇಖನಿಯಿಂದಲೇ ಆಯಿತೆಂದು ಹೇಳಿದರೆ ಅದು ಮೂರನೆಯ ಬಣ ಕಟ್ಟಿದಂತಾದೀತು. ಜುನಾಗಢಕ್ಕೆ ಜನಮತಗಣನೆ ಬೇಕಾಯಿತು. ಹೈದರಾಬಾದಿನಲ್ಲಿ ಯಥಾಸ್ಥಿತಿ ಒಪ್ಪಂದ, ಮಾತುಕತೆ, ಪತ್ರವ್ಯವಹಾರ ಎಲ್ಲ ಸೋತು 1948ರ ಸೆಪ್ಟೆಂಬರ್ 13ಕ್ಕೆ ಸೇನೆ ಗಡಿ ದಾಟಬೇಕಾಯಿತು. ಬೀದರ್, ಕಲಬುರಗಿ, ರಾಯಚೂರಿನ ಜನರಿಗೆ ಅದಕ್ಕೆ ಮುಂಚಿನ ಆ ವರ್ಷ ಹೇಗೆ ಕಳೆಯಿತೆಂಬುದು ಯಾವ ಕರಡಿನಲ್ಲೂ ಹಿಡಿಯುವಂಥದಲ್ಲ. ಮೈಸೂರು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದ ಮೇಲೂ ಜವಾಬ್ದಾರಿ ಸರ್ಕಾರ ಬಂದದ್ದು ಮೈಸೂರು ಚಲೋ ಹೋರಾಟಗಾರರು ಜೈಲು ತುಂಬಿಸಿದ ನಂತರ. ಹಾಗೆಯೇ ಪಟೇಲರಂಥ ಮಂತ್ರಿ ಬೆನ್ನಿಗಿಲ್ಲದಿದ್ದರೆ ಮೆನನ್ ಅವರ ಅಷ್ಟೂ ಜಾಣತನ ಸಿಮ್ಲಾದ ಯಾವುದೋ ಕಪಾಟಿನಲ್ಲಿ ಧೂಳು ಹಿಡಿಯುತ್ತಿತ್ತು.

ಆದರೆ ಪಟೇಲರನ್ನು ನೆನೆಯುವವರು ಅವರ ಈ ಗುಣವನ್ನೇ ಬಿಟ್ಟು ಉಳಿದೆಲ್ಲವನ್ನೂ ನೆನೆಯುತ್ತಾರೆ. ಅಧಿಕಾರಿಗಳು ಮನಸ್ಸಿನಲ್ಲಿರುವುದನ್ನು ಹೆದರದೆ ಹೇಳುವ ಸ್ವಾತಂತ್ರ್ಯವಿಲ್ಲದಿದ್ದರೆ ದೇಶದ ಐಕ್ಯವೇ ಉಳಿಯದು ಎಂದು ಅವರು 1949ರ ಅಕ್ಟೋಬರಿನಲ್ಲಿ ಸಂವಿಧಾನ ಸಭೆಯಲ್ಲಿ ಗುಡುಗಿದ್ದರು. ಇಂದು ಮಂತ್ರಿಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಮನಸ್ಸಿನಲ್ಲಿದ್ದುದನ್ನು ಹೇಳಿದ ಅಧಿಕಾರಿ ಸಂಜೆಯೊಳಗೆ ರೇಷ್ಮೆಯಿಂದ ಮೀನುಗಾರಿಕೆಗೆ, ಅಲ್ಲಿಂದ ಸ್ಥಳ ನಿರೀಕ್ಷಣೆಗೆ ವರ್ಗವಾಗುತ್ತಾನೆ. ನರ್ಮದೆಯ ದಡದ 182 ಮೀಟರ್ ಎತ್ತರದ ಪಟೇಲರ ಪ್ರತಿಮೆಯ ಕಿವಿ ಸಾಕಷ್ಟು ಮೇಲಿರುವುದರಿಂದ ಈ ವರ್ಗಾವಣೆಗಳ ಸದ್ದು ಅಲ್ಲಿಗೆ ಮುಟ್ಟುವುದಿಲ್ಲ. ಗುಜರಾತ್ ವಿಧಾನಸಭೆಯ ಸ್ಥಾನಗಳೂ 182; ಎತ್ತರ ನಿರ್ಧರಿಸಿದವರಿಗೆ ಯಾವ ಐಕ್ಯ ಮುಖ್ಯವಾಗಿತ್ತೆಂದು ಅನುಮಾನ ಬೇಡ.

ಕೊಟ್ಟ ಮಾತಿನ ಕಥೆಯನ್ನೂ ಹೇಳಿಬಿಡುತ್ತೇನೆ. ಗದ್ದುಗೆ ಬಿಟ್ಟುಕೊಟ್ಟ ದೊರೆಗಳಿಗೆ ರಾಜಧನ ನಿಗದಿಯಾಯಿತು: ನಿಜಾಮರಿಗೆ 50 ಲಕ್ಷ, ಮೈಸೂರಿಗೆ 26 ಲಕ್ಷ, ಕಟೋಡಿಯಾ ಎಂಬ ಪುಟ್ಟ ಜಾಗದ ಒಡೆಯನಿಗೆ ವರ್ಷಕ್ಕೆ 192 ರೂಪಾಯಿ. ಸಂವಿಧಾನದ 291ನೇ ವಿಧಿಯಲ್ಲಿ ಅದಕ್ಕೆ ಭರವಸೆಯೂ ಸಿಕ್ಕಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯ ಮೂಲಕ ಆ ಭರವಸೆಯನ್ನು ಅಳಿಸಲಾಯಿತು. ರಾಜರಿಗೆ ಪ್ರಜೆಗಳ ಹಣವೇಕೆ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ, ನಾನೇನೂ ರಾಜರ ವಕೀಲನಲ್ಲ. ಆದರೂ ಸರ್ಕಾರ ಕೊಟ್ಟ ಮಾತಿಗೆ ಇಪ್ಪತ್ತೊಂದು ವರ್ಷದ ಆಯುಸ್ಸು ಸಿಕ್ಕಿತೆಂಬುದನ್ನು ಇಂದಿನ ಪ್ರಣಾಳಿಕೆಗಳ ಪಕ್ಕದಲ್ಲಿಟ್ಟು ನೋಡಿದರೆ ಅದು ದಾಖಲೆಯೆಂದೇ ತೋರುತ್ತದೆ.

ಮೆನನ್ ನಿವೃತ್ತಿಯ ನಂತರ ನಮ್ಮ ಬೆಂಗಳೂರಿನಲ್ಲೇ ನೆಲೆಸಿ, ಸರ್ದಾರರಿಗೆ ಕೊಟ್ಟಿದ್ದ ಮಾತಿನಂತೆ ಎರಡು ದಪ್ಪ ಪುಸ್ತಕಗಳನ್ನು ಪ್ರಕಟಿಸಿ, ಇದೇ ಊರಿನಲ್ಲಿ ಕಣ್ಣು ಮುಚ್ಚಿದರು. ಆ ಕಾರಣಕ್ಕಾಗಿಯಾದರೂ ಅವರದೊಂದು ಪ್ರತಿಮೆ ಇಲ್ಲಿ ಬೇಕೆಂದು ಯಾರಾದರೂ ಹಟ ಹಿಡಿದರೆ ಪ್ರಾಯೋಗಿಕ ತೊಡಕುಗಳು ಬಹಳ. ಕುದುರೆ ಹತ್ತಿಸಲು ಅವರು ಯೋಧರಲ್ಲ, ಕತ್ತಿ ಕೊಡಲು ಬರುವುದಿಲ್ಲ, ಕೈಯಲ್ಲಿ ಕಡತ ಕೊಟ್ಟು ಕೂರಿಸಿದರೆ ದಾರಿಹೋಕರು ಸಹಿ ಮಾಡಿಸಿಕೊಳ್ಳಲು ಸರದಿ ನಿಲ್ಲುತ್ತಾರೆ. ಮತಗಳ ದೃಷ್ಟಿಯಿಂದ ನೋಡಿದರೆ ಮಾಜಿ ಗುಮಾಸ್ತರು ಯಾವ ಕ್ಷೇತ್ರದಲ್ಲೂ ನಿರ್ಣಾಯಕರಲ್ಲ.

ಹಾಗಾಗಿ ಪ್ರತಿಮೆ ಬೇಡ, ಜಯಂತಿ ಸಾಕು. ಅವರು ಹುಟ್ಟಿದ್ದು 1893ರ ಸೆಪ್ಟೆಂಬರ್ 30ರಂದು, ಗಾಂಧಿ ಜಯಂತಿಗೆ ಸರಿಯಾಗಿ ಎರಡು ದಿನ ಮೊದಲು. ಈ ದಿನಾಂಕವೊಂದನ್ನು ಸಚಿವಾಲಯದ ನೌಕರರ ಗಮನಕ್ಕೆ ತಂದರೆ ಸಾಕು, ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ: ಅಕ್ಟೋಬರ್ 1ನ್ನು ಮಧ್ಯದ ಸಣ್ಣ ಸಂಸ್ಥಾನವೆಂದು ಬಗೆದು, ಒಂದು ಸಾಲಿನ ರಜೆ ಅರ್ಜಿಯ ಮೂಲಕ ಎರಡೂ ಕಡೆಯ ರಜೆಗಳಲ್ಲಿ ವಿಲೀನಗೊಳಿಸುತ್ತಾರೆ, ಮತ್ತು ಆ ಕಡತ ಮಾತ್ರ ಮೆನನ್ ಅವರ ವೇಗದಲ್ಲಿಯೇ ಮಂಜೂರಾಗುತ್ತದೆ.