ಅದೂ ಸಂಶೋಧನೆಯೇ ಸರ್

ಮೊನ್ನೆ ಮಡಿಕೇರಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರಬಂಧ ಮಂಡನೆ ಇತ್ತು. ಕೇಳಲು ಹೋಗಿದ್ದೆ. ಬಂದಾಗಿನಿಂದ ತಲೆ ಬಿಸಿಯಾಗಿದೆ, ಬರೆಯದೆ ಇರಲು ಆಗುತ್ತಿಲ್ಲ.

ಎಂ.ಎ. ಓದುತ್ತಿರುವ ಒಬ್ಬ ಹುಡುಗಿ ಭಾರತೀಸುತರ ‘ಹುಲಿಯ ಹಾಲಿನ ಮೇವು’ ಆರಿಸಿಕೊಂಡಿದ್ದಳು. ಮೊದಲು ಕಾದಂಬರಿ. ಆಮೇಲೆ 1979ರ ಸಿನಿಮಾ. ಕೊನೆಗೆ, ರಾಜ್‌ಕುಮಾರ್ ಅಭಿಮಾನಿಗಳು ಆ ಸಿನಿಮಾದಿಂದ ಕತ್ತರಿಸಿ ಈಗ ಮೊಬೈಲಿನಲ್ಲಿ ಹಂಚುತ್ತಿರುವ ತುಣುಕುಗಳು. ಒಂದೊಂದು ಹಂತದಲ್ಲಿ ಕಥಾನಾಯಕ ಚೆಂಗುಮಣಿ ಹೇಗೆ ಬದಲಾದ, ಕಥೆಯಲ್ಲಿ ಏನು ಉಳಿಯಿತು ಎನ್ನುವುದು ಅವಳ ಪ್ರಶ್ನೆ. ತುಣುಕುಗಳ ಕೆಳಗಿನ ಕಾಮೆಂಟುಗಳನ್ನೂ ಕೂತು ಓದಿದ್ದಳು. ಅಲ್ಲಿ ಕಾದಂಬರಿಕಾರರ ಹೆಸರು ಕಾಣಿಸುವುದೇ ಅಪರೂಪ ಎಂದಳು. ಕೊಡಗಿನ ಲೇಖಕ, ಕೊಡಗಿನ ಕಥೆ, ಆದರೂ ಬರೆದವರ ಹೆಸರು ದಾರಿಯಲ್ಲೇ ಬಿದ್ದುಹೋಗಿದೆ. ಎಷ್ಟು ಮುಖ್ಯವಾದ ಮಾತು ಅಲ್ವಾ?

ಅವಳು ಮುಗಿಸುವ ಮೊದಲೇ ವೇದಿಕೆಯಲ್ಲಿದ್ದ ಹಿರಿಯರೊಬ್ಬರು ತಡೆದರು. “ಏನಮ್ಮಾ, ಪಂಪ ರನ್ನರನ್ನು ಬಿಟ್ಟು ಫ್ಯಾನ್ ಪೇಜ್ ನೋಡ್ತಾ ಕೂತರೆ ಅದು ಸಂಶೋಧನೆ ಆಗುತ್ತಾ?” ಸಭೆ ನಕ್ಕಿತು. ಹುಡುಗಿ ಹಾಳೆ ಮಡಚಿಕೊಂಡು ಕೂತಳು.

ಅವಳ ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ. ಕೇಳಲು ಬೇಕಾದಷ್ಟಿತ್ತು. ಇವೇ ಪೇಜುಗಳನ್ನು ಯಾಕೆ ಆರಿಸಿದೆ? ಅಳಿಸಿಹೋಗುವ ಪೋಸ್ಟುಗಳನ್ನು ಹೇಗೆ ಉಳಿಸಿಟ್ಟೆ? ಕಾಮೆಂಟು ಬರೆದವರ ಒಪ್ಪಿಗೆ ಪಡೆದೆಯಾ? ಹೀಗೆ ಕೇಳಿದ್ದರೆ ಪ್ರಬಂಧ ಇನ್ನೂ ಗಟ್ಟಿಯಾಗುತ್ತಿತ್ತು.

ಪಂಪನ ಹೆಸರು ಎತ್ತಿದರಲ್ಲ, ಪಂಪ ಮಾಡಿದ್ದಾದರೂ ಏನು? ವ್ಯಾಸರ ಕಥೆ ತೆಗೆದುಕೊಂಡು ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಕಂಡ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಅಷ್ಟೆಲ್ಲ ಮಾಡಿಯೂ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಅಂದ. ಅಭಿಮಾನ ಅಂದರೆ ಇದೇ ಅಲ್ವಾ? ನಮ್ಮ ಕೊಡಗಿನ ಕವಿ ಹರದಾಸ ಅಪ್ಪಚ್ಚಕವಿ 1906ರಲ್ಲೇ ಮಹಾಭಾರತದ ಯಯಾತಿಯ ಕಥೆಯನ್ನು ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಟಕ ಮಾಡಿದರು. ಗಿರೀಶ ಕಾರ್ನಾಡರ ‘ಯಯಾತಿ’ ಬಂದಿದ್ದು 1961ರಲ್ಲಿ. ಅಪ್ಪಚ್ಚಕವಿಗೆ ಹಾರ ಹಾಕುತ್ತೇವೆ. ಹಳೆಯ ಕಥೆ ಹೊಸ ಜನರ ಕೈಗೆ ಬಂದಾಗ ಏನಾಗುತ್ತದೆ ಎಂದು ನಮ್ಮ ಹುಡುಗಿ ಹುಡುಕಿದರೆ ನಗುತ್ತೇವೆ.

ಓದುಗರ ಅಭಿಮಾನವನ್ನು ಸಾಹಿತ್ಯದಿಂದ ಹೊರಗಿಡಲು ಆಗುವುದೂ ಇಲ್ಲ. 1893ರಲ್ಲಿ ಕಾನನ್ ಡಾಯ್ಲ್ ತಮ್ಮ ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸಾಯಿಸಿದಾಗ ಓದುಗರು ಸಿಟ್ಟಾದರು. 1903ರಲ್ಲಿ ಅವನು ಬದುಕಿ ಬಂದ. ಅಭಿಮಾನಿಗಳೇ ಬರೆದ ಕಥೆಗಳನ್ನು ಕೂಡಿಡುವ ‘ಆರ್ಕೈವ್ ಆಫ್ ಅವರ್ ಓನ್’ ತಾಣಕ್ಕೆ 2019ರಲ್ಲಿ ವಿಜ್ಞಾನ ಕಥಾ ಸಾಹಿತ್ಯದ ದೊಡ್ಡ ಪ್ರಶಸ್ತಿ ಹ್ಯೂಗೋವೇ ಬಂತು.

ಇಂಥ ಪೇಜುಗಳಲ್ಲಿ ಜೊಳ್ಳೇ ಜಾಸ್ತಿ ಅನ್ನುವವರಿದ್ದಾರೆ. ಇರಲಿ. ಜೊಳ್ಳು ಯಾವುದು, ಕಾಳು ಯಾವುದು ಅಂತ ಹೇಳಲು ಮೊದಲು ಯಾರಾದರೂ ಕೂತು ನೋಡಬೇಕಲ್ಲ? ಆ ಹುಡುಗಿ ನೋಡಿದ್ದಾಳೆ. ಸುಮ್ನೆ ಒಂದು ಮಾತು ಎಸೆದವರು ನೋಡಿಲ್ಲ.

ಇದು ನನಗೆ ಇಷ್ಟು ನಾಟಲು ಕಾರಣ ಇದೆ. ಶಾಲೆಯಲ್ಲಿ ನನಗೆ ಯಾರೂ ಭಾರತೀಸುತರ ಹೆಸರು ಹೇಳಿರಲಿಲ್ಲ. ಟಿವಿಯಲ್ಲಿ ಪುಟ್ಟಣ್ಣನವರ ‘ಎಡಕಲ್ಲು ಗುಡ್ಡದ ಮೇಲೆ’ ಬಂದ ರಾತ್ರಿ, ಇದನ್ನು ಬರೆದವರು ನಮ್ಮ ಕೊಡಗಿನವರು ಕಣೇ ಅಂತ ಅಮ್ಮ ಹೇಳಿದರು. ಪುಸ್ತಕ ಹುಡುಕಿಕೊಂಡು ಲೈಬ್ರರಿಗೆ ಹೋಗಿದ್ದು ಆಮೇಲೆ. ಸಿನಿಮಾ ಇಲ್ಲದಿದ್ದರೆ ಆ ಬರಹಗಾರ ನನಗೆ ಸಿಗುತ್ತಲೇ ಇರಲಿಲ್ಲ. ಈಗಿನ ಮಕ್ಕಳಿಗೆ ಒಂದು ತುಣುಕು ಆ ಕೆಲಸ ಮಾಡಬಹುದು, ಮಾಡದೆಯೂ ಇರಬಹುದು. ಅದನ್ನೇ ತಾನೇ ಅವಳು ಹುಡುಕುತ್ತಿರುವುದು?

ಸಭೆ ಮುಗಿದ ಮೇಲೆ ಅವಳ ಹತ್ತಿರ ಮಾತಾಡಿದೆ. ಪ್ರಬಂಧ ಬಿಡುವುದಿಲ್ಲ ಎಂದಿದ್ದಾಳೆ. ‘ಹುಲಿಯ ಹಾಲಿನ ಮೇವು’ ಕಾದಂಬರಿಯ ಹಳೆಯ ಪ್ರತಿ, ಸಿನಿಮಾ ಬಂದಾಗಿನ ಪೋಸ್ಟರ್, ಪತ್ರಿಕೆಯ ವಿಮರ್ಶೆ ಯಾರ ಮನೆಯಲ್ಲಾದರೂ ಇದ್ದರೆ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ. ಸಿನಿಮಾವನ್ನು ಆಗಲೇ ಟಾಕೀಸಿನಲ್ಲಿ ನೋಡಿದ ಹಿರಿಯರು ವಿರಾಜಪೇಟೆ, ಸೋಮವಾರಪೇಟೆ ಕಡೆ ಇದ್ದರೆ ಅದನ್ನೂ ತಿಳಿಸಿ. ಅವಳು ಮನೆಗೇ ಬಂದು ಕೇಳಿ ಬರೆದುಕೊಳ್ಳುತ್ತಾಳೆ.