‘ಪೊ’ ಇಲ್ಲದ ಭಾಷೆಗೆ ಮರ್ಯಾದೆ ಇಲ್ಲವೇ?

ಫಿಲಿಪೀನ್ಸ್‌ನ ಮಧ್ಯ ಮತ್ತು ದಕ್ಷಿಣ ದ್ವೀಪಗಳಲ್ಲಿ ಆಡುವ ಸೆಬುವಾನೊ ಒರಟು ಭಾಷೆ, ಹಿರಿಯರಿಗೆ ಗೌರವ ಕೊಡುವುದು ಅದಕ್ಕೆ ಗೊತ್ತಿಲ್ಲ ಎಂಬ ಮಾತನ್ನು ರಾಜಧಾನಿ ಮನಿಲಾ ಕಡೆಯವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ವೈದ್ಯಕೀಯ ಓದಲು ದಕ್ಷಿಣದ ದಾವೊ ನಗರಕ್ಕೆ ಬರುವ ನಮ್ಮ ಹುಡುಗ ಹುಡುಗಿಯರೂ ಇದನ್ನೇ ಗಿಳಿಪಾಠ ಒಪ್ಪಿಸುತ್ತಾರೆ. ಅದೇ ಊರಿನಲ್ಲಿ ಓದಿದವಳಾಗಿ ನನಗೆ ಇದು ಅನ್ಯಾಯವೆನಿಸುತ್ತದೆ.

ಆಪಾದನೆಗೆಲ್ಲ ಕಾರಣ ‘ಪೊ’ ಎಂಬ ಒಂದು ಅಕ್ಷರ. ಮನಿಲಾ ಕಡೆಯ ಭಾಷೆಯಾದ ತಗಾಲೋಗ್‌ನಲ್ಲಿ ಹಿರಿಯರೊಡನೆ ಮಾತನಾಡುವಾಗ ಇದನ್ನು ಸೇರಿಸಲೇಬೇಕು, ನಾವು ‘ರೀ’ ಹಚ್ಚುವ ಹಾಗೆ. ಮನಿಲಾದಲ್ಲಿ ಜೀಪ್ನಿ ಎಂಬ ಸಾರಿಗೆ ಗಾಡಿಯನ್ನು ನಿಲ್ಲಿಸಬೇಕಾದರೆ ‘ಪಾರಾ ಪೊ’ ಎನ್ನುತ್ತಾರೆ. ಸೆಬುವಿನಲ್ಲೂ ದಾವೊದಲ್ಲೂ ‘ಲುಗಾರ್ ಲಾಂಗ್’ ಎನ್ನುತ್ತಾರೆ. ಇಲ್ಲಿ ‘ಪೊ’ ಇಲ್ಲ, ನಿಜ. ಆದರೆ ಅದರ ಬೆನ್ನಿಗೇ ‘ನೋಂಗ್’ ಎಂಬ ಕರೆ ಬರುತ್ತದಲ್ಲ, ಅದನ್ನು ಯಾಕೆ ಕೇಳಿಸಿಕೊಳ್ಳುವುದಿಲ್ಲ? ಗುರುತೇ ಇಲ್ಲದ ಚಾಲಕನನ್ನು ಅಣ್ಣನೆಂದು ಕರೆದಾಯಿತು. ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವುದು?

ಮನೆಯೊಳಗೆ ಅಣ್ಣ ‘ಮನೋಯ್’, ಅಕ್ಕ ‘ಮನಾಂಗ್’. ಇವು ಸ್ಪ್ಯಾನಿಷ್‌ನ ಎರ್ಮಾನೊ, ಎರ್ಮಾನಾದಿಂದ ಬಂದವು. ತಗಾಲೋಗ್‌ನ ‘ಕುಯಾ’, ‘ಆತೆ’ ಚೀನಾದ ಹೊಕಿಯೆನ್ ವಲಸಿಗರಿಂದ ಬಂದವು. ಹಳೆಯ ತಗಾಲೋಗ್ ಮನೆಗಳಲ್ಲಿ ಎರಡನೆಯ ಅಣ್ಣ ‘ದಿಕೊ’, ಮೂರನೆಯವನು ‘ಸಾಂಕೊ’; ಎರಡನೆಯ ಅಕ್ಕ ‘ದಿತ್ಸೆ’, ಮೂರನೆಯವಳು ‘ಸಾನ್ಸೆ’. ಅಜ್ಜ ಅಜ್ಜಿಯರಾದ ‘ಲೋಲೊ’, ‘ಲೋಲಾ’ ಎರಡೂ ಭಾಷೆಗೆ ಸ್ಪ್ಯಾನಿಷ್ ಕೊಡುಗೆ. ಹಾಗಾಗಿ ಒಬ್ಬರದು ಶುದ್ಧ, ಇನ್ನೊಬ್ಬರದು ಬೆರಕೆ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ.

ನನ್ನ ಮನಸ್ಸು ಗೆದ್ದದ್ದು ಕಿರಿಯರನ್ನು ಕರೆಯುವ ರೀತಿ. ಸೆಬುವಾನೊದಲ್ಲಿ ಹುಡುಗ ‘ದೋಂಗ್’, ಹುಡುಗಿ ‘ದಾಯ್’, ಅಂದರೆ ದೊದೋಂಗ್, ಇಂದಾಯ್ ಎಂಬುವುಗಳ ಮೊಟಕು ರೂಪ. ಮಾರುಕಟ್ಟೆಯಲ್ಲಿ ಮೀನು ಮಾರುವವಳು ನನ್ನನ್ನು ‘ದಾಯ್’ ಎನ್ನುತ್ತಿದ್ದಳು, ನಾನು ಅವಳನ್ನು ‘ನಾಂಗ್’ ಎನ್ನುತ್ತಿದ್ದೆ. ಚೌಕಾಸಿ ನಡೆಯುತ್ತಿದ್ದುದು ಅಕ್ಕತಂಗಿಯರ ನಡುವೆ. ವಾರ್ಡಿನಲ್ಲಿ ವಯಸ್ಸಾದ ರೋಗಿಗಳನ್ನು ‘ತಾಯ್’, ‘ನಾಯ್’ ಎಂದು ಕರೆಯುವುದನ್ನು ಹಿರಿಯ ವೈದ್ಯರನ್ನು ನೋಡಿಯೇ ಕಲಿತೆವು. (‘ತಾಯ್’ ಅಂದರೆ ಅಲ್ಲಿ ಅಪ್ಪ, ‘ನಾಯ್’ ಅಂದರೆ ಅಮ್ಮ. ಕನ್ನಡದ ಬಾಯಿಗೆ ಇದು ಹೊಂದಲು ಸ್ವಲ್ಪ ಕಾಲ ಹಿಡಿಯುತ್ತದೆ.) ಹಾಗೆ ಕರೆದ ಮೇಲೆ ನೋವು ಎಲ್ಲಿದೆ ಎಂದು ಕೇಳುವ ದನಿಯೇ ಬದಲಾಗುತ್ತದೆ.

ನಮ್ಮ ಬೀಗರಿಗೆ ಅಲ್ಲಿ ‘ಬಲಾಯಿ’ ಎಂಬ ಪದವಿದೆ, ತಗಾಲೋಗ್‌ನಲ್ಲಿ ‘ಬಲಾಎ’. ಷಡ್ಡಕನಿಗೂ ಓರಗಿತ್ತಿಗೂ ಸೇರಿ ‘ಬಿಲಾಸ್’. ಮದುವೆಯಿಂದ ಬೆಸೆದವರಿಗೆ ಇಷ್ಟು ಅಕ್ಕರೆಯಿಂದ ಪದಗಳನ್ನು ಕಾಯ್ದುಕೊಂಡ ಜನರನ್ನು ಒರಟರು ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

ಸಿಟ್ಟು ಬರುವುದು ‘ಇಂದಾಯ್’ಗೆ ಆದ ಗತಿಯನ್ನು ಕಂಡಾಗ. ಮಧ್ಯದ ವಿಸಾಯಾಸ್ ದ್ವೀಪಗಳಿಂದ, ದಾವೊ ಇರುವ ಮಿಂದನಾವೊದಿಂದ ಮನೆಗೆಲಸಕ್ಕೆಂದು ಮನಿಲಾಕ್ಕೆ ಹೋದ ಹೆಣ್ಣುಮಕ್ಕಳು ಬಹಳ. ಟಿವಿ, ಸಿನಿಮಾಗಳು ಈ ಮುದ್ದಿನ ಕರೆಯನ್ನು ಕೆಲಸದವಳ ಹೆಸರನ್ನಾಗಿ ಮಾಡಿ ನಗೆಗೆ ಬಳಸಿದವು. ತಾಯಿ ಮಗಳನ್ನು ಕರೆಯುವ ಪದವದು! 2022ರಲ್ಲಿ ಉಪಾಧ್ಯಕ್ಷೆಯಾದ ಸಾರಾ ದುತೆರ್ತೆಯನ್ನು ಬೆಂಬಲಿಗರು ‘ಇಂದಾಯ್ ಸಾರಾ’ ಎನ್ನುತ್ತಾರೆ. ಅವರ ರಾಜಕೀಯ ಏನೇ ಇರಲಿ, ಆ ಕರೆ ಅಷ್ಟು ಎತ್ತರದಲ್ಲಿ ಕೇಳಿಸಿದ್ದು ನನಗೆ ಸಂತೋಷವೇ.

1937ರಲ್ಲಿ ಅಧ್ಯಕ್ಷ ಕೆಸೋನ್ ತಗಾಲೋಗನ್ನು ರಾಷ್ಟ್ರಭಾಷೆಯ ಬುನಾದಿಯೆಂದು ಘೋಷಿಸಿದರು. ಅಂದಿನಿಂದ ಶಾಲೆ, ಟಿವಿಗಳ ಮೂಲಕ ‘ಕುಯಾ’, ‘ಆತೆ’ ದಕ್ಷಿಣದ ಮನೆಗಳಿಗೂ ಇಳಿದಿವೆ. ದಾವೊದ ಎಳೆಯರ ಬಾಯಲ್ಲಿ ‘ಮನೋಯ್’ ಈಗ ಅಪರೂಪ. ಅದು ಹಳ್ಳಿಯವರ ಮಾತು ಎಂಬ ಸಂಕೋಚ ಬಂದಿದೆ. ಮೊದಲ ತರಗತಿಗಳಲ್ಲಿ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಿರಬೇಕೆಂಬ ನಿಯಮವನ್ನೂ 2024ರ ಕಾನೂನು ತೆಗೆದುಹಾಕಿತು. ನಮ್ಮಲ್ಲೂ ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮ, ಅತ್ತೆ ಎಲ್ಲರೂ ಅಂಕಲ್, ಆಂಟಿಯಾಗುತ್ತಿರುವಾಗ ಈ ಸಂಕೋಚ ಎಂಥದ್ದೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ವರ್ಷ ದಾವೊಗೆ ಹೊರಟಿರುವ ಮಕ್ಕಳಿಗೆ ನನ್ನ ಕೋರಿಕೆ ಇಷ್ಟೇ. ‘ಪೊ’ ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಹಾಸ್ಟೆಲಿನ ಕಾವಲುಗಾರನನ್ನು ‘ನೋಂಗ್’ ಎನ್ನಿ, ಊಟ ಬಡಿಸುವವರನ್ನು ‘ನಾಂಗ್’ ಎನ್ನಿ. ಅವರು ನಿಮ್ಮನ್ನು ‘ದೋಂಗ್’, ‘ದಾಯ್’ ಎಂದು ಕರೆದರೆ ಮುಖ ಸಿಂಡರಿಸದೆ ಓಗೊಡಿ.