ಅಕ್ಷರ ದುಂಡಗಿದ್ದರೆ ಅನುಮಾನ

ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆಯವರು ಗಾಜಿನ ಡಬ್ಬಿಯಿಂದ ಒಂದು ಬೇಸ್‌ಬಾಲ್ ತೆಗೆದು ಕೈಗಿಟ್ಟರು. ಯಾವುದೋ ನಿವೃತ್ತ ಆಟಗಾರನ ಸಹಿ ಇತ್ತು. ನಾನು ಭಕ್ತಿಯಿಂದ ಓದಲು ಹೊರಟರೆ ಅವರು ಚೆಂಡನ್ನು ತಿರುಗಿಸಿ, "ಮೊದಲು ಇದನ್ನ ನೋಡಿ" ಅಂತ ಸಹಿ ಅಸಲಿ ಎಂದು ಸಾರುವ ಮಿಣಮಿಣ ಹೊಳೆಯುವ ಪುಟ್ಟ ಸ್ಟಿಕ್ಕರ್ ತೋರಿಸಿದರು. ಮದುಮಗಳನ್ನು ಬಿಟ್ಟು ಮದುವೆ ಸರ್ಟಿಫಿಕೇಟ್ ತೋರಿಸಿದ ಹಾಗಾಯಿತು. ರೇಗಿತು. ನೆರೆಯವರಲ್ವಾ, ಸುಮ್ನೆ ನಕ್ಕೆ.

ಅವರ ಅನುಮಾನವೇನೂ ಸುಳ್ಳಲ್ಲ ಬಿಡಿ. 1990ರ ದಶಕದಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ಹೆಸರಿಟ್ಟು ಬೆನ್ನುಹತ್ತಿದ ನಕಲಿ ಸಹಿಗಳ ಜಾಲ ಮದರ್ ತೆರೇಸಾ ಸಹಿಯ ಬೇಸ್‌ಬಾಲನ್ನೂ ತಯಾರಿಸಿತ್ತು! ಸ್ಯಾನ್ ಡಿಯಾಗೋ ತಂಡದ ಆಟಗಾರ ಟೋನಿ ಗ್ವಿನ್‌ಗೆ ತಮ್ಮದೇ ತಂಡದ ಅಂಗಡಿಯಲ್ಲಿ ತಮ್ಮದೇ ನಕಲಿ ಸಹಿ ಕಣ್ಣಿಗೆ ಬಿತ್ತು. 2001ರಿಂದ ಅಮೆರಿಕದ ದೊಡ್ಡ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನವರು ಸಹಿ ಬೀಳುವಾಗ ಪಕ್ಕದಲ್ಲೇ ಒಬ್ಬ ಸಾಕ್ಷಿಯನ್ನು ನಿಲ್ಲಿಸುತ್ತಾರೆ. ಆ ಸಾಕ್ಷಿಗಳಲ್ಲಿ ಎಷ್ಟೋ ಜನ ಪೊಲೀಸ್ ಕೆಲಸ ಮಾಡಿದವರು.

ಸತ್ತವರ ಪಕ್ಕದಲ್ಲಿ ಯಾರನ್ನು ನಿಲ್ಲಿಸುವುದು? ಅಲ್ಲಿ ಪರಿಣತರ ಭೂತಗನ್ನಡಿಯೇ ಗತಿ. ಗೆರೆ ಸರಾಗವಾಗಿ ಹರಿದಿದೆಯಾ, ನೋಡಿ ನೋಡಿ ಬಿಡಿಸಿದ್ದಾ, ಪೆನ್ನು ಎಲ್ಲಿ ತಡವರಿಸಿದೆ ಅಂತ ನೋಡುತ್ತಾರೆ. ಚೆಂಡಿನ ಮೇಲೆ ಅಚ್ಚಾದ ಆಗಿನ ಲೀಗ್ ಅಧ್ಯಕ್ಷರ ಹೆಸರನ್ನೂ ಓದುತ್ತಾರೆ. ಹೆಸರಾಂತ ಆಟಗಾರ ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ವಾರೆನ್ ಗೈಲ್ಸ್ ನ್ಯಾಷನಲ್ ಲೀಗ್ ಅಧ್ಯಕ್ಷರಾದದ್ದು 1951ರಲ್ಲಿ. ಗೈಲ್ಸ್ ಹೆಸರಿನ ಚೆಂಡಿನ ಮೇಲೆ ರೂತ್ ಸಹಿ ಇದ್ದರೆ ಭೂತಗನ್ನಡಿಯೂ ಬೇಡ.

ಇದೆಲ್ಲಕ್ಕಿಂತ ನನಗೆ ಇಷ್ಟ ಹಳೇ ಕಾಲದ ಬೇಸ್‌ಬಾಲ್ ಆಟಗಾರ 'ಶೂಲೆಸ್' (ಬರಿಗಾಲಿನ) ಜೋ ಜಾಕ್ಸನ್ ಕಥೆ. ಸೌತ್ ಕೆರೊಲಿನಾದ ಹುಡುಗ. ಶಾಲೆಗೆ ಹೋಗೋ ವಯಸ್ಸಲ್ಲಿ ಬಟ್ಟೆ ಗಿರಣಿಗೆ ಹೋದವನು. ಬ್ಯಾಟು ಬೀಸಿದರೆ ಊರೇ ಬಾಯಿ ಬಿಡಬೇಕು, ಪೆನ್ನು ಹಿಡಿದರೆ ಬೆವರು. ಅಭಿಮಾನಿಗಳ ಕಾಗದಕ್ಕೆಲ್ಲ ಹೆಂಡತಿ ಕೇಟಿಯೇ ಗಂಡನ ಹೆಸರು ಬರೆದು ಕಳಿಸುತ್ತಿದ್ದಳು. ಈಗ ಪರಿಣತರ ಲೆಕ್ಕ ಹೀಗೆ: ಸಹಿ ದುಂಡಗೆ, ಸಲೀಸಾಗಿದ್ದರೆ ಕೇಟಿಯದು, ಬೆಲೆ ಕಡಿಮೆ. ಮಗ್ಗಿ ಬರೆಯೋ ಮಗುವಿನದರಂತೆ ಕಷ್ಟಪಟ್ಟು ಎಳೆದಿದ್ದರೆ ಜೋನದು. 1911ರ ಒಂದು ಫೋಟೋ ಮೇಲಿನ ಅವನ ಸಹಿ 2021ರ ಹರಾಜಿನಲ್ಲಿ 14 ಲಕ್ಷ ಡಾಲರ್ ದಾಟಿತು. ಅಡುಗೆಮನೆ ಕೆಲಸದ ನಡುವೆ ಗಂಡನ ಮಾನ ಉಳಿಸಿದವಳದು ಎರಡನೇ ದರ್ಜೆಯಂತೆ! ನಾನಾಗಿದ್ದರೆ ಕೇಟಿಯ ಸಹಿಗೇ ಎರಡು ಸ್ಟಿಕ್ಕರ್ ಅಂಟಿಸುತ್ತಿದ್ದೆ.

ಕಥೆ ಮುಗಿಯಲಿಲ್ಲ. ಜೋ 1951ರಲ್ಲಿ ತೀರಿಕೊಂಡ. ಅವನ ಉಯಿಲಿನ ಮೇಲೆ ಅವನದೇ ಸಹಿ. ಕೇಟಿ ಹೋಗುವಾಗ ಆಸ್ತಿಯನ್ನು ಹೃದ್ರೋಗ ಮತ್ತು ಕ್ಯಾನ್ಸರ್ ಸಂಸ್ಥೆಗಳಿಗೆ ಬರೆದಿಟ್ಟಿದ್ದಳು. 1990ರ ದಶಕದಲ್ಲಿ ಆ ಎರಡೂ ಸಂಸ್ಥೆಗಳು ಎದ್ದು ಬಂದು, ಜೋನ ಉಯಿಲಿನ ಕಾಗದವೂ ನಮಗೇ ಸೇರಬೇಕು ಅಂತ ಅದನ್ನು ಇಟ್ಟುಕೊಂಡಿದ್ದ ಗ್ರೀನ್‌ವಿಲ್ ಕೌಂಟಿಯ (ಜಿಲ್ಲಾಡಳಿತದ) ಮೇಲೆ ಕೇಸು ಹಾಕಿದವು. ಉಯಿಲಿನಲ್ಲಿ ಏನು ಬರೆದಿದೆ ಅನ್ನೋದು ಅವರಿಗೆ ಬೇಕಿರಲಿಲ್ಲ, ಕೆಳಗಿದ್ದ ಹೆಸರು ಸಾಕಿತ್ತು. ಅದು ಸರ್ಕಾರಿ ದಾಖಲೆ, ಮಾರೋಕೆ ಕೊಡಲ್ಲ ಅಂತ ಕೋರ್ಟು ಕಳಿಸಿತು. ತೀರ್ಪಿನ ಕೆಳಗೂ ನ್ಯಾಯಾಧೀಶರು ಸಹಿ ಹಾಕಿರಬೇಕು, ಅದನ್ನು ಯಾರಾದರೂ ಹರಾಜಿಗಿಟ್ಟಿದ್ದಾರೋ ಏನೋ.